ಕಡಲಾಚೆಯ ಸಿಪಾಯಿಗಳ ಓಲೆಗಳು

ಊರ ಅಗಸೆಯ ಮಗ್ಗುಲಲ್ಲಿ, ಕೆರೆಯ ಏರಿಯ ಮೇಲೆ, ಹಳೆಯ ದೇವಾಲಯದ ಅಂಗಳದಲ್ಲಿ ನಿಂತಿರುವ ವೀರಗಲ್ಲನ್ನು ಕಾಣದ ಕನ್ನಡಿಗನಿರಲಾರನು. ಕೆಳಗಣ ಪಟ್ಟಿಕೆಯಲ್ಲಿ ಕಾಳಗದ ನೋಟ, ನಡುವಣ ಪಟ್ಟಿಕೆಯಲ್ಲಿ ಮಡಿದ ವೀರನನ್ನು ಅಪ್ಸರೆಯರು ಕರೆದೊಯ್ಯುವ ನೋಟ, ಮೇಲಣ ಪಟ್ಟಿಕೆಯಲ್ಲಿ ಶಿವಲಿಂಗದ ಸನ್ನಿಧಿ. ಇದು ಬಹುಮಟ್ಟಿಗೆ ಆ ಕಲ್ಲುಗಳ ಕ್ರಮ. ತುರುಗಳನ್ನು ಕಾಯುವುದಕ್ಕಾಗಿ ಸತ್ತವನ ಹೆಸರು, ಊರಿನ ಮೇಲೆ ಬಿದ್ದ ಹಗೆಗಳನ್ನು ತಡೆದು ಮಡಿದವನ ಹೆಸರು ಹೀಗೆ ಶತಮಾನಗಳನ್ನು ದಾಟಿ ಬಂದಿವೆ. ಆದರೆ ಕಲ್ಲನ್ನು ನಿಲ್ಲಿಸಿದವರು ಬದುಕಿ ಉಳಿದವರು. ಅದರ ಮಾತೂ ಅವರದೇ. ಕಾಳಗಕ್ಕೆ ಮುಂಚಿನ ಇರುಳಿನಲ್ಲಿ ಆ ಆಳು ಯಾರನ್ನು ನೆನೆದನು, ಯಾವುದಕ್ಕೆ ಅಂಜಿದನು, ಮನೆಯವರಿಗೆ ಏನು ಹೇಳಿ ಕಳುಹಿಸಬೇಕೆಂದಿದ್ದನು ಎಂಬುದನ್ನು ಕಲ್ಲು ಹೇಳದು.

ಯುದ್ಧಕ್ಕೆ ಹೋದ ಸಾಮಾನ್ಯನಾದ ಆಳಿನ ಮಾತನ್ನು ಅವನ ಬಾಯಿಂದಲೇ ಕೇಳುವ ಅವಕಾಶವು ಭಾರತದ ಇತಿಹಾಸದಲ್ಲಿ ವಿಪುಲವಾಗಿ ದೊರೆತದ್ದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ. ೧೯೧೪ನೆಯ ಇಸವಿಯಿಂದ ಮುಂದಿನ ನಾಲ್ಕು ವರ್ಷಗಳಲ್ಲಿ ಸಮುದ್ರವನ್ನು ದಾಟಿಹೋದ ಭಾರತೀಯ ಸಿಪಾಯಿಗಳು ತಂದೆತಾಯಿಗಳಿಗೂ ಹೆಂಡಿರಿಗೂ ಒಡಹುಟ್ಟಿದವರಿಗೂ ಬರೆಯಿಸಿದ ಓಲೆಗಳೇ ಆ ಸಾಧನ. ಅವುಗಳಲ್ಲಿ ಉಳಿದವು ಯಾರ ಕೈಯಿಂದ, ಯಾವ ಉದ್ದೇಶದಿಂದ ಉಳಿದವೆಂಬುದು ಓಲೆಗಳಲ್ಲಿರುವ ಸಂಗತಿಗಳಷ್ಟೇ ವಿಚಾರಾರ್ಹವಾಗಿದೆ.

೧

ಯುದ್ಧವು ೧೯೧೪ನೆಯ ಇಸವಿ ಆಗಸ್ಟ ತಿಂಗಳಲ್ಲಿ ಆರಂಭವಾಯಿತು. ಸಪ್ಟೆಂಬರ ತಿಂಗಳ ಕೊನೆಯ ವಾರದಲ್ಲಿ ಲಾಹೋರ ವಿಭಾಗದ ಮೊದಲ ತುಕಡಿಗಳು ಫ್ರಾನ್ಸ್ ದೇಶದ ಮಾರ್ಸೇಲ್ಸ್ ಬಂದರದಲ್ಲಿ ಇಳಿದವು. ಮೀರತ ವಿಭಾಗವು ಅದನ್ನು ಹಿಂಬಾಲಿಸಿತು. ಹುಟ್ಟಿದ ಜಿಲ್ಲೆಯ ಎಲ್ಲೆಯನ್ನು ಸಿಪಾಯಿಗಿರಿಗಾಗಿಯೇ ಮೊದಲು ದಾಟಿದ್ದ ಒಕ್ಕಲುಮಕ್ಕಳು, ಬೇಸಿಗೆಯ ಉಡುಪಿನಲ್ಲಿಯೇ ಹೊರಟು ಬಂದವರು, ಆ ಚಳಿಗಾಲದಲ್ಲಿ ಫ್ಲಾಂಡರ್ಸಿನ ಕೆಸರಿನಲ್ಲಿ ತೋಡಿದ ಕಂದಕಗಳೊಳಗೆ ನಿಲ್ಲಬೇಕಾಯಿತು. ಅಕ್ಟೋಬರ ೩೧ರಂದು ಹೋಲೆಬೆಕ್ ಎಂಬಲ್ಲಿ ತೋರಿದ ಪರಾಕ್ರಮಕ್ಕಾಗಿ ಸಿಪಾಯಿ ಖುದಾದಾದ ಖಾನನಿಗೆ ವಿಕ್ಟೋರಿಯಾ ಕ್ರಾಸ್ ಪದಕವು ದೊರೆಯಿತು. ೧೯೧೫ನೆಯ ಮಾರ್ಚ ೧೦ರಿಂದ ೧೩ರ ವರೆಗೆ ನ್ಯೂವ್ ಶಾಪೆಲ್ ಎಂಬ ಹಳ್ಳಿಗಾಗಿ ನಡೆದ ಕಾಳಗದಲ್ಲಿ ಭಾರತೀಯ ದಳಗಳು ಬಹಳವಾಗಿ ನಷ್ಟಹೊಂದಿದವು. ಆ ವರ್ಷದ ಕೊನೆಗೆ ಪದಾತಿಗಳನ್ನು ಅಲ್ಲಿಂದ ತೆಗೆದು ಮೆಸೊಪೊಟೇಮಿಯಕ್ಕೆ ಸಾಗಿಸಲಾಯಿತು. ಸವಾರರ ದಳಗಳು ಮಾತ್ರ ೧೯೧೮ನೆಯ ವಸಂತದ ವರೆಗೆ ಫ್ರಾನ್ಸಿನಲ್ಲಿಯೇ ಉಳಿದವು. ಯುದ್ಧವು ಮುಗಿಯುವಷ್ಟರಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿದ ಭಾರತೀಯರು ಸಿಪಾಯಿಗಳಾಗಿಯೂ ಕೂಲಿಗಳಾಗಿಯೂ ಕಡಲನ್ನು ದಾಟಿದ್ದರು. ಅವರಲ್ಲಿ ಎಪ್ಪತ್ತು ಸಾವಿರಕ್ಕಿಂತ ಹೆಚ್ಚು ಜನರು ಹಿಂದಿರುಗಲಿಲ್ಲ. ನ್ಯೂವ್ ಶಾಪೆಲ್ಲಿನಲ್ಲಿ ೧೯೨೭ರಲ್ಲಿ ಉದ್ಘಾಟಿತವಾದ ಸ್ಮಾರಕದ ಗೋಡೆಯ ಮೇಲೆ, ಗೋರಿಯನ್ನು ಕಾಣದೆ ಹೋದ ನಾಲ್ಕು ಸಾವಿರದ ಏಳು ನೂರಕ್ಕೂ ಹೆಚ್ಚು ಹೆಸರುಗಳನ್ನು ಕೆತ್ತಿದೆ.

೨

ಈ ಸಿಪಾಯಿಗಳಲ್ಲಿ ಬಹುಜನರಿಗೆ ಓದುಬರಹವಿರಲಿಲ್ಲ. ದಳದಲ್ಲಿ ಅಕ್ಷರ ಬಲ್ಲವನೊಬ್ಬನು ಬರೆದುಕೊಡುತ್ತಿದ್ದನು. ಕಾಗದವು ಊರಿಗೆ ಮುಟ್ಟಿದ ಮೇಲೆ ಅಕ್ಷರ ಬಲ್ಲ ಮತ್ತೊಬ್ಬನು ಮನೆಯವರಿಗೆ, ಕೆಲವೊಮ್ಮೆ ನೆರೆದ ಊರವರಿಗೆಲ್ಲ, ಓದಿ ಹೇಳುತ್ತಿದ್ದನು. ಹೀಗಾಗಿ ಗಂಡನು ಹೆಂಡತಿಗೆ ಬರೆದುದೂ ನಾಲ್ಕು ಜನರ ಮುಂದಿನ ಮಾತೇ ಆಗುತ್ತಿತ್ತು. ಆದಾಗ್ಯೂ ಬರೆಯಿಸುವ ಹಂಬಲಕ್ಕೆ ಇದರಿಂದ ಅಡ್ಡಿಯಾಗಲಿಲ್ಲ. ೧೯೧೫ನೆಯ ಮಾರ್ಚ ತಿಂಗಳಷ್ಟಕ್ಕೆ ಫ್ರಾನ್ಸಿನಲ್ಲಿದ್ದ ಭಾರತೀಯ ಸಿಪಾಯಿಗಳು ವಾರವೊಂದಕ್ಕೆ ಹತ್ತರಿಂದ ಇಪ್ಪತ್ತು ಸಾವಿರ ಕಾಗದಗಳನ್ನು ಕಳುಹಿಸುತ್ತಿದ್ದರು. ಉರ್ದು, ಹಿಂದಿ, ಗುರುಮುಖಿ, ಪಶ್ತು, ಮರಾಠಿ, ನೇಪಾಳಿ ಮುಂತಾದ ಭಾಷೆಗಳಲ್ಲಿ ಅವು ಇದ್ದವು.

ಈ ಕಾಗದಗಳು ಮನೆಗೆ ಹೋಗುವುದಕ್ಕೆ ಮೊದಲು ಸರಕಾರದ ಕಣ್ಣಿಗೆ ಬೀಳುತ್ತಿದ್ದವು. ಸಾನ್ ಫ್ರಾನ್ಸಿಸ್ಕೋ ಪಟ್ಟಣದಿಂದ ೧೯೧೩ರಲ್ಲಿ ಹೊರಡತೊಡಗಿದ ಗದರ್ ಪತ್ರಿಕೆಯೂ ಅಂತಹ ಇತರ ಬರಹಗಳೂ ಸಿಪಾಯಿಗಳ ಕೈಸೇರಿ ಅವರ ನಿಷ್ಠೆಯನ್ನು ಕೆಡಿಸಿಯಾವೆಂಬ ಭೀತಿಯಿಂದ, ೧೯೧೪ರಲ್ಲಿಯೇ ಭಾರತೀಯ ಟಪಾಲಿಗಾಗಿ ಪ್ರತ್ಯೇಕವಾದ ಸೆನ್ಸಾರ್ ಕಚೇರಿಯೊಂದನ್ನು ಏರ್ಪಡಿಸಲಾಯಿತು. ಭಾರತದ ರಾಜಕೀಯ ಖಾತೆಯ ಅಧಿಕಾರಿಯೂ ಭಾಷಾಜ್ಞನೂ ಆದ ಇವೆಲಿನ್ ಬರ್ಕ್ಲಿ ಹಾವೆಲ್ ಎಂಬಾತನು ಇದರ ಮುಖ್ಯಸ್ಥನಾದನು. ಕೆಲಕಾಲದಲ್ಲಿಯೇ ಬೂಲೋನ್ ಬಂದರವು ಈ ಕಚೇರಿಯ ನೆಲೆಯಾಯಿತು. ಬೆರಳೆಣಿಕೆಯ ಜನರು ಅಷ್ಟು ಸಾವಿರ ಕಾಗದಗಳನ್ನು ಪೂರ್ತಿಯಾಗಿ ಓದುವುದು ಆಗದ ಮಾತು. ಆದುದರಿಂದ ಅವರು ಕೆಲವನ್ನು ಆರಿಸಿ ಇಂಗ್ಲಿಷಿಗೆ ಅನುವಾದಿಸಿ, ಸಿಪಾಯಿಗಳ ಮನಸ್ಥಿತಿಯನ್ನು ಕುರಿತ ವಾರದ ವರದಿಯೊಂದಿಗೆ ಮೇಲಧಿಕಾರಿಗಳಿಗೆ ಕಳುಹಿಸುತ್ತಿದ್ದರು.

ಮೂಲದ ಕಾಗದಗಳಲ್ಲಿ ಹೆಚ್ಚಿನವು ಊರು ಸೇರಿದವು. ಗುಡಿಸಲುಗಳ ಮಾಡಿನಲ್ಲಿ, ಪೆಟ್ಟಿಗೆಗಳ ತಳದಲ್ಲಿ, ಗೆದ್ದಲಿಗೂ ಮಳೆಗೂ ಒಲೆಗೂ ಆಹುತಿಯಾದವು. ಸಂಶಯಪಟ್ಟು ಆರಿಸಿ ಅನುವಾದಿಸಿದ ಭಾಗಗಳು ಮಾತ್ರ ಇಂಡಿಯಾ ಆಫೀಸಿನ ಕಡತಗಳಲ್ಲಿ ಭದ್ರವಾಗಿ ಉಳಿದು, ಇಂದು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿವೆ. ಮನೆಗೆ ಮುಟ್ಟಿದ ಓಲೆ ಅಳಿಯಿತು. ತಡೆಹಿಡಿದ ಓಲೆಯ ಮಾತು ಉಳಿಯಿತು. ಪ್ರೀತಿಯು ಕಾಪಾಡಲಾರದುದನ್ನು ಸಂದೇಹವು ಕಾಪಾಡಿತೆಂಬುದು ಈ ಇತಿಹಾಸದ ವಿಚಿತ್ರವಾದ ವಿಧಿ.

೩

ಓಲೆಗಳ ಒಳಗಣ ಸಂಗತಿಗಳು ನಾನಾ ವಿಧವಾದವು. ಮೊದಲ ಚಳಿಗಾಲದ ಕಾಗದಗಳಲ್ಲಿ ಭಯಾಶ್ಚರ್ಯಗಳೇ ಪ್ರಧಾನ. ಇದು ಯುದ್ಧವಲ್ಲ, ಲೋಕದ ಪ್ರಳಯವೇ ಸರಿ ಎಂಬ ಅಭಿಪ್ರಾಯವು ಮರಳಿ ಮರಳಿ ಬರುತ್ತದೆ. ಮಹಾಭಾರತದ ಕಥೆಯನ್ನು ಕೇಳಿ ಬೆಳೆದವರು ಕುರುಕ್ಷೇತ್ರವನ್ನು ನೆನೆಯುತ್ತಾರೆ; ಒಕ್ಕಲಿಗನು ಕುಯಿಲಿನ ಕಾಲದ ಪೈರನ್ನು ನೆನೆಯುತ್ತಾನೆ. ಯಂತ್ರಗಳಿಂದ ಹಾರುವ ಗುಂಡಿನ ಮಳೆಯಲ್ಲಿ ಶೂರನಿಗೂ ಅಂಜುಬುರುಕನಿಗೂ ಭೇದವಿಲ್ಲದೆ ಹೋದುದು ಕುಲಪರಂಪರೆಯಿಂದ ಯೋಧರೆನಿಸಿದ್ದವರ ಮನಸ್ಸನ್ನು ಬಹಳವಾಗಿ ಕಲಕಿತು. ಕೈಗೆ ಕೈ ಕೂಡಿಸಿ ಕಾದುವುದನ್ನೇ ವೀರವೆಂದು ಬಗೆದವರು, ಕಾಣದ ಹಗೆಯ ಗುಂಡಿಗೆ ಈಡಾಗಿ ಕೆಸರಿನಲ್ಲಿ ಬಿದ್ದು ಸಾಯುವುದನ್ನು ಏನೆಂದು ಕರೆಯಬೇಕು? ಅವರಲ್ಲಿ ಹಲವರು ಪದ್ಯಗಳನ್ನು ಕಟ್ಟಿ ಕಾಗದದಲ್ಲಿ ಬರೆಯಿಸತೊಡಗಿದರು. ಹಾವೆಲನು ತನ್ನ ವರದಿಯಲ್ಲಿ ಇದನ್ನು ಗುರುತಿಸಿ, ಸಿಪಾಯಿಗಳು ಕಾವ್ಯಕ್ಕೆ ತಿರುಗುವುದು ಮನಸ್ಸಿನ ಅಶಾಂತಿಯ ಅಪಶಕುನವೆಂದು ಎಣಿಸಿದನು.

ಕಾಗದಗಳನ್ನು ಒಡೆದು ಓದುತ್ತಾರೆಂಬುದು ಸಿಪಾಯಿಗಳಿಗೂ ಬಹುಬೇಗ ತಿಳಿಯಿತು. ಆಗ ಅವರು ಮರೆಮಾತನ್ನು ಹಿಡಿದರು. ಕರಿಯ ಮೆಣಸು ತೀರುತ್ತ ಬಂದಿದೆ, ಈಗ ಕೆಂಪು ಮೆಣಸನ್ನು ಬಳಸುತ್ತಿದ್ದಾರೆ ಎಂಬ ಅರ್ಥದ ಮಾತು ಹಲವು ಕಾಗದಗಳಲ್ಲಿ ಕಂಡುಬಂದಿತು. ಅಂಗಡಿಯ ಲೆಕ್ಕದಂತೆ ತೋರುವ ಈ ಮಾತಿನಲ್ಲಿ ಕರಿಯ ಮೆಣಸೆಂದರೆ ಭಾರತೀಯ ಸಿಪಾಯಿಗಳು, ಕೆಂಪು ಮೆಣಸೆಂದರೆ ಬಿಳಿಯ ಸೈನಿಕರು. ಕಚೇರಿಯವರಿಗೆ ಇದರ ಗುಟ್ಟು ತಿಳಿಯದೆ ಇರಲಿಲ್ಲ. ತಮ್ಮನು ಸೈನ್ಯಕ್ಕೆ ಸೇರದಂತೆ ನೋಡಿಕೊಳ್ಳಿರೆಂದು ಮನೆಗೆ ಎಚ್ಚರಿಕೆಯನ್ನು ಕೊಟ್ಟವರಿದ್ದರು. ಕಣ್ಣನ್ನು ಕೆಡಿಸಿಕೊಂಡೋ ಮೈಯಲ್ಲಿ ಹುಣ್ಣೆಬ್ಬಿಸಿಕೊಂಡೋ ರಣದಿಂದ ತಪ್ಪಿಸಿಕೊಳ್ಳುವುದಕ್ಕಾಗಿ ಭಲ್ಲಾತಕದ ಬೀಜವನ್ನು ಕಳುಹಿಸಿರೆಂದು ಬರೆದವರೂ ಇದ್ದರು. ಶೌರ್ಯದ ಕಥೆಯನ್ನು ಮಾತ್ರ ಬಯಸುವವನು ಇಂತಹ ಕಾಗದವನ್ನು ಮುಚ್ಚಿಡಬೇಕೆಂದಾನು. ಆದರೆ ಎರಡು ಬಾರಿ ಗಾಯಗೊಂಡು ಮೂರನೆಯ ಬಾರಿ ಕಂದಕಕ್ಕೆ ಹೊರಡಬೇಕಾದ ಮನುಷ್ಯನ ಸಂಕಟವನ್ನು ಬಲ್ಲವನು ಅವನನ್ನು ಹೇಡಿಯೆಂದು ಹಳಿಯುವುದಕ್ಕೆ ಅವಸರಪಡಲಾರನು.

ಗಾಯಗೊಂಡವರಲ್ಲಿ ಅನೇಕರನ್ನು ಇಂಗ್ಲಂಡದ ದಕ್ಷಿಣ ತೀರದ ಬ್ರೈಟನ್ ಪಟ್ಟಣಕ್ಕೆ ಸಾಗಿಸುತ್ತಿದ್ದರು. ಅಲ್ಲಿಯ ಅರಮನೆಯಾದ ರಾಯಲ್ ಪೆವಿಲಿಯನ್ ೧೯೧೪ರ ಡಿಸೆಂಬರದಿಂದ ಅವರ ಆಸ್ಪತ್ರೆಯಾಯಿತು. ಹಿಂದೂ ಮುಸಲ್ಮಾನರಿಗೆ ಬೇರೆ ಬೇರೆ ಅಡಿಗೆಮನೆಗಳೂ ನೀರಿನ ನಳಗಳೂ ಏರ್ಪಟ್ಟಿದ್ದವು. ಹಾಸಿಗೆ, ಉಪಚಾರ, ಆಹಾರಗಳನ್ನು ಹೊಗಳಿ ಬರೆದ ಕಾಗದಗಳು ಬಹಳ. ಆದರೆ ಅಲ್ಲಿಂದಲೇ ಹೊರಟ ಮತ್ತೊಂದು ಕೂಗು ಇನ್ನೂ ಆಳವಾದುದು: ವಾಸಿಯಾದವರನ್ನು ಮತ್ತೆ ರಣರಂಗಕ್ಕೆ ಕಳುಹಿಸುವುದು ಅನ್ಯಾಯ, ಒಮ್ಮೆ ಗಾಯಗೊಂಡವನು ತನ್ನ ಋಣವನ್ನು ತೀರಿಸಿದವನೇ ಸರಿ ಎಂಬುದು ಅವರ ವಾದ. ಚಕ್ರವರ್ತಿಗೇ ಈ ಅಹವಾಲನ್ನು ಬರೆದವರೂ ಇದ್ದರು. ಬ್ರೈಟನ್ನಿನಲ್ಲಿ ಮಡಿದ ಹಿಂದೂ ಮತ್ತು ಸಿಖ್ಖರಲ್ಲಿ ೫೩ ಜನರ ದಹನಸಂಸ್ಕಾರವನ್ನು ಊರ ಹೊರಗಣ ಗುಡ್ಡದ ಮೇಲೆ ನಡೆಯಿಸಲಾಯಿತು. ಆ ಸ್ಥಳದಲ್ಲಿ ಕಟ್ಟಿದ ಛತ್ರಿಯು ೧೯೨೧ನೆಯ ಫೆಬ್ರುವರಿ ೧ರಂದು ಅನಾವರಣಗೊಂಡಿತು.

ಫ್ರಾನ್ಸಿನಲ್ಲಿಯೇ ಉಳಿದ ಸವಾರರ ಕಾಗದಗಳಲ್ಲಿ ಬೇರೊಂದು ದೃಷ್ಟಿಯು ತೆರೆದುಕೊಳ್ಳುತ್ತದೆ. ಹಳ್ಳಿಗಳಲ್ಲಿ ಬಿಡಾರಮಾಡಿಕೊಂಡಿದ್ದ ಅವರು ಆ ನಾಡಿನ ಒಕ್ಕಲುತನವನ್ನೂ ತೋಟಗಳನ್ನೂ ಕಂಡು ಬೆರಗಾದರು. ಗಂಡಸರೆಲ್ಲ ಯುದ್ಧಕ್ಕೆ ಹೋಗಿರಲು ಹೆಂಗಸರೇ ನೇಗಿಲು ಹಿಡಿದು ಹೊಲಗಳನ್ನು ಸಾಗಿಸುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಮನೆಯೊಡತಿಯಾದ ಮುದುಕಿಯು ಪರದೇಶದ ಸಿಪಾಯಿಯ ಬಟ್ಟೆಯನ್ನು ಒಗೆದು, ಹಾಸಿಗೆಯನ್ನು ಹಾಸಿ, ಅವನು ಹೊರಡುವ ದಿನ ಕಣ್ಣೀರಿಟ್ಟುದನ್ನು ಹಲವರು ಮನೆಗೆ ಬರೆದರು. ಅಲ್ಲಿಯ ಹೆಣ್ಣುಮಕ್ಕಳು ಓದುಬರಹ ಬಲ್ಲವರೆಂಬುದನ್ನು ಕಂಡವರು ತಮ್ಮ ಊರಿಗೆ ಬರೆದು, ಗಂಡುಮಕ್ಕಳನ್ನಷ್ಟೇ ಅಲ್ಲ, ಹೆಣ್ಣುಮಕ್ಕಳನ್ನೂ ಶಾಲೆಗೆ ಕಳುಹಿಸಿರೆಂದು ಒತ್ತಿ ಹೇಳಿದರು. ತನ್ನ ಹೆಂಡತಿಗೆ ಬರೆಯಬೇಕಾದರೆ ಪರರ ಕೈಯನ್ನೂ, ಅವಳು ಓದಬೇಕಾದರೆ ಪರರ ಬಾಯನ್ನೂ ಬೇಡಬೇಕಾದವನಿಗಲ್ಲದೆ ವಿದ್ಯೆಯ ಬೆಲೆಯು ಮತ್ತಾರಿಗೆ ಇಷ್ಟು ಚೆನ್ನಾಗಿ ತಿಳಿದೀತು?

ಇವೆಲ್ಲಕ್ಕಿಂತ ಹೆಚ್ಚಾಗಿ ಓಲೆಗಳನ್ನು ತುಂಬಿದ್ದುದು ಮನೆಯ ವಿಚಾರ. ಹೊಲದ ವ್ಯಾಜ್ಯ, ಸಾಲದ ಬಡ್ಡಿ, ತಂಗಿಯ ಮದುವೆ, ಎತ್ತುಗಳ ಕ್ರಯ, ಮಳೆಬೆಳೆಗಳ ಸ್ಥಿತಿ, ಕಳುಹಿಸಿದ ಹಣವು ಮುಟ್ಟಿತೋ ಇಲ್ಲವೋ ಎಂಬ ಚಿಂತೆ. ಸಾವಿನ ಬಾಯಲ್ಲಿ ಕುಳಿತವನ ಮನಸ್ಸು ಊರಿನ ಹೊಲದ ಬದುವಿನ ಮೇಲೆಯೇ ನಡೆಯುತ್ತಿತ್ತು.

೪

ಈ ಓಲೆಗಳನ್ನು ಪ್ರಮಾಣವೆಂದು ಸ್ವೀಕರಿಸುವವನು ಎಚ್ಚರದಿಂದ ನಡೆಯತಕ್ಕದ್ದು. ಸಿಪಾಯಿಯು ಆಡಿದ ಮಾತು ಬರೆಯುವವನ ಕೈಯಲ್ಲಿ ಒಮ್ಮೆ ಮಾರ್ಪಡುತ್ತದೆ. ಅನುವಾದಕನ ಕೈಯಲ್ಲಿ ಮತ್ತೊಮ್ಮೆ ಮಾರ್ಪಡುತ್ತದೆ. ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬೇಕೆಂಬುದು ಅಧಿಕಾರಿಯ ಇಚ್ಛೆಗೆ ಸೇರಿದುದು. ತಾಯಿಗೆ ದುಃಖವಾಗಬಾರದೆಂದು ನೋವನ್ನು ಅಡಗಿಸಿದ ಕಾಗದವುಂಟು. ಮೇಲಿನವರು ಓದುವರೆಂದು ಸರಕಾರವನ್ನು ಹೊಗಳಿದ ಕಾಗದವುಂಟು. ಹೀಗಿರುವುದರಿಂದ ಒಂದೊಂದು ಓಲೆಯನ್ನು ಬಿಡಿಯಾಗಿ ನಂಬುವುದಕ್ಕಿಂತ, ನೂರಾರು ಓಲೆಗಳಲ್ಲಿ ಮರಳಿ ಬರುವ ಭಾವವನ್ನು ಹಿಡಿಯುವುದೇ ಯುಕ್ತವಾದ ಮಾರ್ಗ. ರಾಜನಿಷ್ಠೆಯೂ ಅಸಮಾಧಾನವೂ, ವೀರವೂ ಭಯವೂ ಒಬ್ಬನೇ ಮನುಷ್ಯನ ಎದೆಯಲ್ಲಿ ಇರಬಲ್ಲವೆಂಬುದು ಹಾಗೆ ನೋಡಿದಾಗ ಸ್ಪಷ್ಟವಾಗುತ್ತದೆ.

ಸರಕಾರದ ಕಡತದಿಂದಲ್ಲದೆ ಮನೆಯವರ ಕೈಯಿಂದಲೇ ಉಳಿದು ಬಂದ ಓಲೆಗಳಿಗೆ ಬಂಗಾಲದ ಒಂದು ಉದಾಹರಣೆಯು ಪ್ರಸಿದ್ಧವಾಗಿದೆ. ಕ್ಯಾಪ್ಟನ್ ಕಲ್ಯಾಣಕುಮಾರ ಮುಖರ್ಜಿಯು ಕಲಕತ್ತೆಯ ತರುಣ ವೈದ್ಯ; ಇಂಡಿಯನ್ ಮೆಡಿಕಲ್ ಸರ್ವಿಸಿನಲ್ಲಿ ಸೇರಿ ೧೯೧೫ರಲ್ಲಿ ಪುಣೆಯ ವಿಭಾಗದೊಡನೆ ಮೆಸೊಪೊಟೇಮಿಯದಲ್ಲಿದ್ದವನು. ಅಲ್ಲಿಂದ ತಾಯಿಗೆ ಬಂಗಾಲಿಯಲ್ಲಿ ಕಾಗದಗಳನ್ನು ಬರೆಯುತ್ತಿದ್ದನು. ಸ್ವಂತ ಕೈಯಿಂದ ಬರೆಯಬಲ್ಲವನಾದುದರಿಂದ ಸಿಪಾಯಿಯು ಮರೆಮಾತಿನಲ್ಲಿ ಹೇಳಿದುದನ್ನು ಈತನು ಬಿಚ್ಚಿ ಹೇಳಿದನು. ದಿನವೂ ಗಾಯಾಳುಗಳ ನಡುವೆ ನಿಂತವನಿಗೆ ಗೆಲುವಿನ ಸುದ್ದಿಯು ಹರ್ಷವನ್ನು ತರಲಿಲ್ಲ. ದೇಶಾಭಿಮಾನದ ಹೆಸರಿನಲ್ಲಿ ಸಾವಿರಾರು ಜನರನ್ನು ಕೊಂದು ಪರರ ನೆಲವನ್ನು ಕಸಿದುಕೊಳ್ಳುವ ಪಾಠವನ್ನು ಕಲಿಸಿದವರು ಇಂಗ್ಲಿಷರೇ ಎಂದೂ, ಆ ಅಭಿಮಾನವೇ ಈ ರಕ್ತಪಾತಕ್ಕೆ ಕಾರಣವೆಂದೂ ೧೯೧೫ರ ಒಂದು ಕಾಗದದಲ್ಲಿ ಬರೆದನು. ಸರಕಾರದ ಸಮವಸ್ತ್ರವನ್ನು ಧರಿಸಿದ್ದವನ ಲೇಖನಿಯಿಂದ ಬಂದ ಮಾತೆಂಬುದನ್ನು ಇಲ್ಲಿ ನೆನೆಯಬೇಕು.

ಆ ನವೆಂಬರದಲ್ಲಿ ಟೆಸಿಫೋನದ ಬಳಿ ಹಿಮ್ಮೆಟ್ಟಿದ ಸೈನ್ಯವು ಕೂಟ್ ಪಟ್ಟಣವನ್ನು ಸೇರಿತು; ಡಿಸೆಂಬರದಲ್ಲಿ ತುರ್ಕರು ಅದನ್ನು ಮುತ್ತಿದರು. ಅಂಚೆಯ ದಾರಿಯು ಮುಚ್ಚಿತು. ಒಳಗೆ ಆಹಾರವು ತೀರುತ್ತ ಬಂದು, ಕುದುರೆಗಳನ್ನು ಕೊಂದು ತಿನ್ನಬೇಕಾದ ಸ್ಥಿತಿಯುಂಟಾಯಿತು. ಧರ್ಮಕ್ಕೆ ಅಂಜಿದ ಸಿಪಾಯಿಗಳು ಬಹುಕಾಲ ಅದನ್ನು ಮುಟ್ಟದೆ ಕೃಶರಾದರು. ೧೯೧೬ನೆಯ ಏಪ್ರಿಲ ೨೯ರಂದು ಸುಮಾರು ಹದಿಮೂರು ಸಾವಿರ ಜನರು ಶರಣಾಗತರಾದರು. ಸೆರೆಯಾದವರನ್ನು ಮರಳುಗಾಡಿನಲ್ಲಿ ನಡೆಯಿಸಿಕೊಂಡು ಹೋಗಿ ಬಗದಾದ ರೈಲುದಾರಿಯ ಕೆಲಸಕ್ಕೆ ಹಚ್ಚಿದರು. ಅಂತಹ ಒಂದು ನೆಲೆಯಾದ ರಾಸ್ ಅಲ್ ಐನಿನಲ್ಲಿ ೧೯೧೭ನೆಯ ಮಾರ್ಚ ತಿಂಗಳಲ್ಲಿ ಕಲ್ಯಾಣಕುಮಾರನು ಜ್ವರದಿಂದ ತೀರಿಕೊಂಡನು.

ಅವನ ಅಜ್ಜಿ ಮೋಕ್ಷದಾ ದೇವಿಯು ಬಂಗಾಲದ ಮೊದಲ ತಲೆಮಾರಿನ ಲೇಖಕಿಯರಲ್ಲಿ ಒಬ್ಬಳು. ಕಾಂಗ್ರೆಸ್ಸಿನ ಪ್ರಥಮ ಅಧ್ಯಕ್ಷನಾದ ಉಮೇಶಚಂದ್ರ ಬ್ಯಾನರ್ಜಿಯ ಸೋದರಿ. ಎಂಬತ್ತರ ಆಸುಪಾಸಿನ ಆ ವೃದ್ಧೆಯು ಮೊಮ್ಮಗನ ಕಾಗದಗಳನ್ನೆಲ್ಲ ಕೂಡಿಸಿ, ಅವನ ಚರಿತ್ರೆಯೊಂದಿಗೆ ‘ಕಲ್ಯಾಣ ಪ್ರದೀಪ’ ಎಂಬ ಹೆಸರಿನಿಂದ ೧೯೨೮ರಲ್ಲಿ ಪ್ರಕಟಿಸಿದಳು. ಸೆನ್ಸಾರ್ ಕಚೇರಿಯು ಆರಿಸಿದುದು ತನಗೆ ಬೇಕಾದ ವಾಕ್ಯಗಳನ್ನು. ಅಜ್ಜಿಯು ಉಳಿಸಿದುದು ಹುಟ್ಟಿನಿಂದ ಸಾವಿನ ವರೆಗಿನ ಮನುಷ್ಯನನ್ನು. ಒಂದರಲ್ಲಿ ಸಾವಿರಾರು ದನಿಗಳಿದ್ದರೂ ಅವುಗಳ ಹಿಂದಿನ ಮುಖಗಳು ಮಸುಕಾಗಿವೆ. ಇನ್ನೊಂದರಲ್ಲಿ ದನಿ ಒಂದೇ, ಆದರೆ ಮುಖವು ಪೂರ್ಣವಾಗಿದೆ.

೫

ಈ ವೃತ್ತಾಂತವು ಕನ್ನಡ ನಾಡಿಗೆ ದೂರವಾದುದಲ್ಲ. ಕೂಟ್ ಮುತ್ತಿಗೆಯಲ್ಲಿ ಸಿಕ್ಕಿಬಿದ್ದ ದಳಗಳಲ್ಲಿ ೧೦೩, ೧೧೦, ೧೧೭ನೆಯ ಮರಾಠಾ ದಳಗಳು ಇದ್ದವು. ಇವುಗಳ ಪರಂಪರೆಯನ್ನು ಮುಂದುವರಿಸಿದ ಮರಾಠಾ ಲಘು ಪದಾತಿದಳದ ಕೇಂದ್ರವು ಬೆಳಗಾವಿಯಲ್ಲಿದೆ. ಮೈಸೂರು ಸಂಸ್ಥಾನದ ಅಶ್ವದಳವು ೧೯೧೪ರಲ್ಲಿಯೇ ಈಜಿಪ್ತಕ್ಕೆ ಹೊರಟು ಸುಯೇಜ ಕಾಲುವೆಯ ರಕ್ಷಣೆಯಲ್ಲಿ ನಿಂತಿತು. ೧೯೧೮ನೆಯ ಸಪ್ಟೆಂಬರ ೨೩ರಂದು ಜೋಧಪುರದ ಸವಾರರು ಹೈಫಾ ಪಟ್ಟಣದ ಮೇಲೆ ನುಗ್ಗಿದಾಗ, ಕಾರ್ಮೆಲ್ ಬೆಟ್ಟದ ಏರಿನಲ್ಲಿದ್ದ ತೋಪುಗಳ ಮೇಲೆ ಬಿದ್ದವರು ಮೈಸೂರಿನ ಸವಾರರು. ಮರುತಿಂಗಳು ೨೬ರಂದು ಅಲೆಪ್ಪೋ ಪಟ್ಟಣದಾಚೆಯ ಹರಿತಾನಿನಲ್ಲಿ ಇವರು ಮತ್ತೊಮ್ಮೆ ಭಲ್ಲೆ ಹಿಡಿದು ಏರಿಹೋದರು. ಅದಾದ ನಾಲ್ಕು ದಿನಗಳಲ್ಲಿ ತುರ್ಕರೊಡನೆ ಕದನವಿರಾಮದ ಒಪ್ಪಂದವಾಯಿತು. ದಿಲ್ಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ನಿಂತಿರುವ ಮೂರು ವಿಗ್ರಹಗಳಲ್ಲಿ ಒಂದು ಮೈಸೂರಿನ ಸವಾರನದು.

ದಳದ ಕೀರ್ತಿಯು ಶಿಲೆಯಲ್ಲಿ ನಿಂತಿದೆ. ಆದರೆ ಸುಯೇಜದ ಉಸುಕಿನಲ್ಲಿ, ಟೈಗ್ರಿಸ್ ನದಿಯ ದಂಡೆಯಲ್ಲಿ, ವರ್ಷಗಟ್ಟಲೆ ಮನೆಯನ್ನು ನೆನೆದು ಕುಳಿತ ಮಗನ ಮಾತು ಶಿಲೆಯಲ್ಲಿ ಇರುವುದಿಲ್ಲ. ಅದು ಇರುವುದಾದರೆ ಮನೆಯ ಹಳೆಯ ಪೆಟ್ಟಿಗೆಯಲ್ಲಿ. ಕಸವೆಂದು ಎಸೆಯತಕ್ಕವೆನಿಸಿದ್ದ ಓಲೆಗರಿಯ ಕಟ್ಟುಗಳನ್ನು ಮನೆಮನೆಗಳಿಂದಲೂ ಮಠಗಳಿಂದಲೂ ಕೂಡಿಸಿ, ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಬೆಳಕಿಗೆ ತಂದ ಫ. ಗು. ಹಳಕಟ್ಟಿಯವರ ಕಾರ್ಯವನ್ನು ಬಲ್ಲ ಭಕ್ತಸಮುದಾಯಕ್ಕೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಶರಣರ ವಾಣಿಗೂ ಸಿಪಾಯಿಯ ಕಾಗದಕ್ಕೂ ಇರುವ ಅಂತರವು ದೊಡ್ಡದು, ನಿಜ. ಆದರೆ ಎರಡಕ್ಕೂ ಗೆದ್ದಲು ಒಂದೇ.

ಆದುದರಿಂದ, ಹಿರಿಯರಲ್ಲಿ ಯಾರಾದರೂ ಯಾವುದೇ ಯುದ್ಧಕ್ಕೆ ಹೋಗಿದ್ದ ಮನೆತನಗಳವರು ಮಾಡಬಹುದಾದ ಕೆಲಸವು ಸರಳವಾದುದು. ಸಿಕ್ಕ ಕಾಗದವನ್ನು ಮಡಿಕೆ ಬಿಚ್ಚಿ ನೆರಳಿನಲ್ಲಿ ಒಣಗಿಸಿ ಕಾಪಾಡುವುದು; ಬರೆದವನ ಹೆಸರು, ದಳ, ಊರು, ತಾರೀಖುಗಳನ್ನು ಬೇರೆ ಹಾಳೆಯಲ್ಲಿ ಗುರುತಿಸಿಡುವುದು; ಭಾಷೆಯನ್ನು ತಿದ್ದದೆ ಇದ್ದುದು ಇದ್ದ ಹಾಗೆ ಪ್ರತಿ ಮಾಡುವುದು; ಅಂಜಿಕೆಯ ಮಾತೋ ಸಾಲದ ಮಾತೋ ಬಂದರೆ ಮನೆತನದ ಮಾನಕ್ಕೆ ಕುಂದೆಂದು ಹರಿದುಹಾಕದಿರುವುದು. ಆ ಮಾತುಗಳಿಂದಲೇ ಅವನು ಮನುಷ್ಯನೆಂದು ಮುಂದಿನವರಿಗೆ ತಿಳಿಯುತ್ತದೆ. ಬೂಲೋನಿನ ಕಚೇರಿಯು ಪರರ ಮಕ್ಕಳ ಮಾತನ್ನು ಸಂಶಯದಿಂದ ಉಳಿಸಿತು. ಕಲಕತ್ತೆಯ ಅಜ್ಜಿಯು ತನ್ನ ಮೊಮ್ಮಗನ ಮಾತನ್ನು ಮಮತೆಯಿಂದ ಉಳಿಸಿದಳು. ತಮ್ಮವರ ಮಾತನ್ನು ಪರರ ಸಂಶಯವೇ ಉಳಿಸಲೆಂದು ಕಾಯುವುದು ಯಾವ ಮನೆಗೂ ಶೋಭಿಸುವುದಿಲ್ಲ.